ಮಳೆಯ ನಾಡಿನಲ್ಲಿ ಲಾರಿಯ ಚಾಸಿ

ಒಂದೇ ಕಾರ್ಖಾನೆಯಲ್ಲಿ ಒಂದೇ ದಿನ ಸಿದ್ಧವಾದ ಎರಡು ಲಾರಿಗಳನ್ನು ಕಲ್ಪಿಸಿಕೊಳ್ಳೋಣ. ಒಂದನ್ನು ಬಳ್ಳಾರಿಯವರೊಬ್ಬರು ಕೊಂಡರು, ಇನ್ನೊಂದನ್ನು ಮಲ್ಪೆಯವರೊಬ್ಬರು. ಎರಡರ ಉಕ್ಕೂ ಒಂದೇ, ಬಣ್ಣವೂ ಒಂದೇ, ಬೆಲೆಯೂ ಒಂದೇ. ಇಬ್ಬರೂ ಸಾಲ ಮಾಡಿಯೇ ಕೊಂಡವರು. ತಿಂಗಳು ತಿಂಗಳೂ ಕಂತು ಕಟ್ಟುವವರು. ಹತ್ತು ವರ್ಷಗಳು ಕಳೆದ ಮೇಲೆ ಈ ಲಾರಿಗಳ ಅಡಿಗೆ ನುಸುಳಿ ನೋಡಿದವರಿಗೆ ಅವು ಒಂದೇ ಮನೆಯ ಮಕ್ಕಳೆಂದು ನಂಬುವುದು ಕಷ್ಟವಾದೀತು. ಬಳ್ಳಾರಿಯ ಲಾರಿಯ ಚಾಸಿಯ ಮೇಲೆ ಬೆರಳಾಡಿಸಿದರೆ ಧೂಳು ಹತ್ತುವುದು. ಧೂಳಿನಡಿಯಲ್ಲಿ ಬಣ್ಣ ಬಹುಮಟ್ಟಿಗೆ ಉಳಿದಿರುವುದು. ಕರಾವಳಿಯಲ್ಲಿ ಮೀನು ಹೊತ್ತು ದುಡಿದ ಲಾರಿಯ ಚಾಸಿಯಿಂದಲಾದರೋ ತುಕ್ಕು ಹಪ್ಪಳದಂತೆ ಪದರುಪದರಾಗಿ ಏಳುತ್ತಿರುವುದು.

ಎಂಜಿನು ಕೆಟ್ಟರೆ ಬಿಚ್ಚಿ ಕಟ್ಟಬಹುದು. ಗೇರು ಪೆಟ್ಟಿಗೆಯನ್ನು ಬದಲಾಯಿಸಬಹುದು. ಟೈರು ಸವೆಯುವುದಕ್ಕೆಂದೇ ಇರುವ ವಸ್ತು. ಚಾಸಿಯ ಮಾತು ಬೇರೆ. ಉಳಿದೆಲ್ಲವನ್ನೂ ಹೊರುವ ಬೆನ್ನೆಲುಬು ಅದು. ಆರ್.ಸಿ.ಯಲ್ಲಿ ನಮೂದಾಗಿರುವ ಚಾಸಿ ನಂಬರನ್ನು ಕೊರೆದಿರುವುದು ಅದರ ಮೇಲೆಯೇ. ಆದುದರಿಂದ ಚಾಸಿ ಹೋಯಿತೆಂದರೆ ಕಾಗದಪತ್ರಗಳ ಲೆಕ್ಕದಲ್ಲಿಯೂ ಲಾರಿ ಹೋದಂತೆಯೇ. ಸಾರಿಗೆ ವಾಹನಕ್ಕೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ, ಅನಂತರ ವರ್ಷ ವರ್ಷವೂ ಎಫ್.ಸಿ. ಮಾಡಿಸಬೇಕೆಂಬುದು ಈಗಿನ ನಿಯಮ. ಸಾಲದ ಕಂತುಗಳು ಮುಗಿದು, ಇನ್ನು ಮೇಲೆ ಬಂದದ್ದೆಲ್ಲ ತನಗೇ ಉಳಿಯುವುದೆಂದು ಮಾಲೀಕನು ನಿಟ್ಟುಸಿರು ಬಿಡುವ ಹೊತ್ತಿಗೆ ಸರಿಯಾಗಿ ಚಾಸಿಯ ತುಕ್ಕು ತನ್ನ ಕಂತನ್ನು ಕೇಳಲು ಬಂದು ನಿಲ್ಲುವುದು.

ಈ ಕಾಟಕ್ಕೆ ಕಾರಣವೇನೆಂದು ಕೇಳಿದರೆ ಹತ್ತರಲ್ಲಿ ಒಂಬತ್ತು ಮಂದಿ ಮಳೆಯತ್ತ ಬೆರಳು ತೋರುವರು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲ್ಪಟ್ಟು ಮಳೆ. ಆಗುಂಬೆಯಲ್ಲಿ ಅದರ ಸುಮಾರು ಎರಡು ಪಟ್ಟು. ಮಳೆಯನ್ನು ದೂರುವುದು ಸಹಜವೇ. ಆದರೆ ಮಳೆಯೊಂದೇ ಅಪರಾಧಿಯಾಗಿದ್ದರೆ ಕೊಡಚಾದ್ರಿಯ ಕಂಬ ಇಂದಿಗೆ ಉಳಿಯುತ್ತಿರಲಿಲ್ಲ. ಆ ಬೆಟ್ಟದ ಮೇಲೆ ಮೂಕಾಂಬಿಕೆಯ ಗುಡಿಯ ಮುಂದೆ ಹಳೆಯ ಕಾಲದ ಕಬ್ಬಿಣದ ಕಂಬವೊಂದು ಬಯಲಿನಲ್ಲಿ ನಿಂತು, ಸಹ್ಯಾದ್ರಿಯ ಮಳೆಯನ್ನೆಲ್ಲ ತಲೆಯ ಮೇಲೆ ಹೊತ್ತಿದೆ. ಹಳೆಯ ಕುಲುಮೆಗಳ ಕಬ್ಬಿಣದ ಗುಣ ಇಂದಿನ ಉಕ್ಕಿನದಲ್ಲ ಎಂಬುದು ನಿಜ. ದೆಹಲಿಯ ಪ್ರಸಿದ್ಧ ಸ್ತಂಭದ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚಾಗಿದ್ದು, ರಕ್ಷಕವಾದ ಪೊರೆಯೊಂದು ಕಟ್ಟಲು ಅದು ನೆರವಾಯಿತೆಂದು ಕಾನ್ಪುರದ ಐ.ಐ.ಟಿ.ಯ ಆರ್. ಬಾಲಸುಬ್ರಮಣ್ಯಂ ಅವರ ಸಂಶೋಧನೆಗಳು ತೋರಿಸಿವೆ. ಆದರೆ ಲೋಹದ ಗುಣದ ಜೊತೆಗೆ ಆಕಾರದ ಗುಣವನ್ನೂ ಗಮನಿಸಬೇಕು. ನೆಟ್ಟಗೆ ನಿಂತ ಕಂಬದಲ್ಲಿ ಸಂದಿಯಿಲ್ಲ, ನೀರು ನಿಲ್ಲುವ ಗುಳಿಯಿಲ್ಲ. ಮಳೆ ಅದನ್ನು ತೊಳೆಯುವುದು; ಗಾಳಿ ಒಣಗಿಸುವುದು. ಲಾರಿಯ ಚಾಸಿಗೆ ಈ ಎರಡು ಭಾಗ್ಯಗಳೂ ಇಲ್ಲ.

ತುಕ್ಕು ಎಂಬುದು ಕಬ್ಬಿಣ, ನೀರು, ಆಮ್ಲಜನಕ ಈ ಮೂರರ ಕೂಟದಿಂದ ಹುಟ್ಟುವುದೆಂದು ಪ್ರೌಢಶಾಲೆಯ ವಿದ್ಯಾರ್ಥಿಯೂ ಬಲ್ಲನು. ಆದರೆ ಮೂರೂ ಒಂದೇ ಜಾಗದಲ್ಲಿ ಕೂಡಿ, ಅಲ್ಲಿಯೇ ಕಬ್ಬಿಣ ಸವೆದು, ಅಲ್ಲಿಯೇ ತುಕ್ಕಾಗುವುದೆಂಬ ಎಣಿಕೆ ಸರಿಯಲ್ಲ. ತುಕ್ಕು ಹಿಡಿಯುತ್ತಿರುವ ಕಬ್ಬಿಣ ವಾಸ್ತವವಾಗಿ ಒಂದು ವಿದ್ಯುತ್ಕೋಶ. ಟಾರ್ಚಿನ ಸೆಲ್ಲಿನ ಹತ್ತಿರದ ನೆಂಟ. ಒಂದು ತಾಣದಲ್ಲಿ ಕಬ್ಬಿಣದ ಪರಮಾಣು ತನ್ನ ಎರಡು ಎಲೆಕ್ಟ್ರಾನುಗಳನ್ನು ಲೋಹದಲ್ಲಿಯೇ ಬಿಟ್ಟು ತಾನು ಅಯಾನಾಗಿ ನೀರಿಗೆ ಇಳಿಯುವುದು. ಆ ಎಲೆಕ್ಟ್ರಾನುಗಳು ಲೋಹದೊಳಗೆ ಹರಿದು ಬೇರೊಂದು ತಾಣವನ್ನು ಸೇರಿ, ಅಲ್ಲಿ ನೀರಿನಲ್ಲಿ ಕರಗಿರುವ ಆಮ್ಲಜನಕದೊಡನೆ ಕೂಡಿ ಹೈಡ್ರಾಕ್ಸಿಲ್ ಅಯಾನುಗಳನ್ನು ಉಂಟುಮಾಡುವುವು. ನೀರಿನ ಮೂಲಕ ಅಯಾನುಗಳು ಚಲಿಸಿ ವಿದ್ಯುನ್ಮಂಡಲ ಪೂರ್ಣವಾಗುವುದು. ಹೀಗೆ ಕಬ್ಬಿಣ ಕರಗುವ ತಾಣ ಒಂದು, ಆಮ್ಲಜನಕ ಖರ್ಚಾಗುವ ತಾಣ ಮತ್ತೊಂದು. ಎರಡು ಕಡೆಯ ಅಯಾನುಗಳು ನಡುದಾರಿಯಲ್ಲಿ ಸಂಧಿಸಿದಾಗ ನಾವು ಕಾಣುವ ಕೆಂಗಂದು ತುಕ್ಕು ಅಲ್ಲಿ ಬೀಳುವುದು. ಕಳವಾದ ಮನೆ ಒಂದು, ಕಳವಿನ ಮಾಲು ಸಿಕ್ಕಿದ ಮನೆ ಇನ್ನೊಂದು ಎನ್ನುವಂತಿದೆ ಇದು. ತುಕ್ಕು ಕಂಡ ಜಾಗವನ್ನಷ್ಟೇ ಉಜ್ಜಿ ಬಣ್ಣ ಬಳಿಯುವವರು ಕಳ್ಳನನ್ನು ಹಿಡಿದಂತಾಗುವುದಿಲ್ಲ.

ಕೇಂಬ್ರಿಜ್ಜಿನ ಯು. ಆರ್. ಎವಾನ್ಸ್ 1920ರ ದಶಕದಲ್ಲಿ ಇದನ್ನು ಒಂದು ಹನಿ ಉಪ್ಪುನೀರಿನಿಂದ ತೋರಿಸಿಕೊಟ್ಟರು. ಕಾಲೇಜಿನ ಪ್ರಯೋಗಶಾಲೆಯಲ್ಲಿ ಯಾರಾದರೂ ಮಾಡಬಹುದಾದ ಪ್ರಯೋಗವಿದು. ನೂರು ಮಿಲಿಲೀಟರು ನೀರಿಗೆ ಮೂರು ಗ್ರಾಂ ಉಪ್ಪು ಹಾಕಿ, ಫಿನಾಲ್ಫ್ತಲೀನ್ ಮತ್ತು ಪೊಟ್ಯಾಸಿಯಂ ಫೆರಿಸಯನೈಡ್ ದ್ರಾವಣಗಳನ್ನು ಸ್ವಲ್ಪ ಸ್ವಲ್ಪ ಬೆರೆಸಬೇಕು. ಉಪ್ಪು ಕಾಗದದಿಂದ ಉಜ್ಜಿ ಹೊಳಪಾಗಿಸಿದ ಉಕ್ಕಿನ ತಗಡಿನ ಮೇಲೆ ಈ ದ್ರಾವಣದ ದೊಡ್ಡ ಹನಿಯೊಂದನ್ನು ಇಟ್ಟು ಕಾಯಬೇಕು. ಮೊದಲು ಅಲ್ಲಲ್ಲಿ ನೀಲಿ, ನಸುಗೆಂಪು ಚುಕ್ಕೆಗಳು ಬೆರೆತು ಕಾಣುವುವು. ಹೊತ್ತು ಕಳೆದಂತೆ ಬಣ್ಣಗಳು ಬೇರ್ಪಟ್ಟು, ಹನಿಯ ನಡುವೆ ನೀಲಿಯೂ ಅಂಚಿನಲ್ಲಿ ನಸುಗೆಂಪೂ ನೆಲೆಸುವುವು. ಎರಡರ ನಡುವೆ ಕಂದು ಉಂಗುರವೊಂದು ಮೂಡುವುದು. ನೀಲಿಯು ಕಬ್ಬಿಣ ಕರಗುತ್ತಿರುವ ಗುರುತು. ನಸುಗೆಂಪು ಆಮ್ಲಜನಕ ಖರ್ಚಾಗುತ್ತಿರುವ ಗುರುತು. ಕಂದು ಉಂಗುರವೇ ತುಕ್ಕು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಹನಿಯ ಅಂಚು ತೆಳು. ಗಾಳಿಯ ಆಮ್ಲಜನಕ ಅಲ್ಲಿಗೆ ಬೇಗ ತಲುಪುವುದು. ಹನಿಯ ನಡುಭಾಗ ದಪ್ಪ. ಅಲ್ಲಿಗೆ ಆಮ್ಲಜನಕ ಕಷ್ಟದಿಂದ ಇಳಿಯುವುದು. ಆದರೂ ಕಬ್ಬಿಣ ಕರಗುವುದು ನಡುವಿನಲ್ಲಿಯೇ! ಆಮ್ಲಜನಕ ಹೇರಳವಾಗಿ ದೊರೆಯುವ ತಾಣವು ಎಲೆಕ್ಟ್ರಾನುಗಳನ್ನು ಸೆಳೆದುಕೊಳ್ಳುವುದು. ಅವನ್ನು ಒದಗಿಸುವ ಹೊರೆ ಆಮ್ಲಜನಕದ ಬಡತನವಿರುವ ತಾಣದ ಮೇಲೆ ಬೀಳುವುದು. ಹನಿಯ ಜಾಗದಲ್ಲಿ ಚಾಸಿಯನ್ನು ಇಟ್ಟು ನೋಡಿದರೆ ಮೆಕ್ಯಾನಿಕರು ಬಹುಕಾಲದಿಂದ ಕಂಡು ಬೆರಗಾಗಿರುವ ಸಂಗತಿ ಅರ್ಥವಾಗುವುದು: ಗಾಳಿ ಮಳೆಗಳಿಗೆ ಮೈಯೊಡ್ಡಿದ ಮುಖಕ್ಕಿಂತ, ಯಾರ ಕಣ್ಣಿಗೂ ಬೀಳದ ಸಂದಿಯೇ ಮೊದಲು ತಿಂದುಹೋಗುವುದು.

ಲಾರಿಯ ಚಾಸಿ ಒಂದು ಏಣಿ. ಅದರ ಎರಡು ಉದ್ದನೆಯ ಕೈಗಳು ಮಡಿಸಿದ ಉಕ್ಕಿನ ದೋಣಿಗಳು. ಮಗ್ಗುಲಾಗಿ ನಿಲ್ಲಿಸಿದ ದೋಣಿಗಳೆನ್ನೋಣ. ನೆಟ್ಟಗೆ ನಿಂತ ಹಲಗೆ ಒಂದು, ಅದರ ಮೇಲೂ ಕೆಳಗೂ ಅಡ್ಡವಾದ ಅಂಚುಪಟ್ಟಿಗಳು ಎರಡು. ಏಣಿಯ ಮೆಟ್ಟಲುಗಳಂತೆ ಅಡ್ಡತೊಲೆಗಳು ಎರಡು ಕೈಗಳನ್ನೂ ಹಿಡಿದಿರುವುವು. ಹೆಚ್ಚು ಭಾರ ಹೊರುವ ಲಾರಿಗಳಲ್ಲಿ ಒಂದು ದೋಣಿಯೊಳಗೆ ಇನ್ನೊಂದು ದೋಣಿಯನ್ನು ಕೂರಿಸಿ ರಿವೆಟ್ಟು ಹೊಡೆದಿರುವುದುಂಟು. ಈ ಎರಡು ಹಲಗೆಗಳ ನಡುವಿನ ಕಾಗದದಷ್ಟು ತೆಳುವಾದ ಸಂದಿಯೇ ಎಲ್ಲಕ್ಕಿಂತ ಅಪಾಯದ ಜಾಗ. ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಅದು ಕೇಶಾಕರ್ಷಣದಿಂದ ನೀರನ್ನು ಒಳಕ್ಕೆ ಎಳೆದುಕೊಳ್ಳುವುದು. ಒಮ್ಮೆ ಎಳೆದುಕೊಂಡದ್ದನ್ನು ವಾರಗಟ್ಟಲೆ ಬಿಡದು. ಹೊರಗಿನ ತುಟಿಯಲ್ಲಿ ಆಮ್ಲಜನಕ, ಒಳಗೆ ಅದರ ಬರ. ಎವಾನ್ಸರ ಹನಿಯೇ ಮೀಟರುಗಟ್ಟಲೆ ಉದ್ದಕ್ಕೆ ಚಾಚಿಕೊಂಡಂತಾಯಿತು. ಅಲ್ಲದೆ, ತುಕ್ಕಿಗೆ ತಾನು ಹುಟ್ಟಿದ ಕಬ್ಬಿಣದ ಎರಡರಿಂದ ಆರು ಪಟ್ಟು ಜಾಗ ಬೇಕು. ಸಂದಿಯಲ್ಲಿ ಬೆಳೆದ ತುಕ್ಕು ಎರಡು ಹಲಗೆಗಳನ್ನೂ ದೂರ ನೂಕುವುದು. ರಿವೆಟ್ಟಿನ ನಡುವೆ ನಡುವೆ ಹಲಗೆ ಉಬ್ಬುವುದು. ಕೊನೆಗೆ ರಿವೆಟ್ಟಿನ ತಲೆಯೇ ಹಾರುವುದುಂಟು. ಮರದ ಬೇರು ಬಂಡೆಯನ್ನು ಸೀಳುವುದನ್ನು ಕಂಡವರಿಗೆ ಇದು ಅಚ್ಚರಿಯಲ್ಲ.

ಲೆಕ್ಕ ಹಾಕಿ ನೋಡಿದರೆ ಈ ಕೋಶದ ವಿದ್ಯುತ್ತು ಬಹಳ ಅಲ್ಪವೆಂಬುದೇ ಅಂಜಿಕೆಯ ವಿಷಯ. ಉಕ್ಕಿನ ಒಂದು ಮುಖದಿಂದ ವರ್ಷಕ್ಕೆ 0.1 ಮಿಲಿಮೀಟರು ಸವೆಯುವುದೆಂದು ಇಟ್ಟುಕೊಳ್ಳೋಣ. ಕಡಲ ದಂಡೆಯಲ್ಲಿ ಬರಿಮೈಯ ಉಕ್ಕಿಗೆ ಇದು ಅತಿಶಯವಾದ ಎಣಿಕೆಯಲ್ಲ. ಒಂದು ಚದರ ಮೀಟರಿಗೆ ಇದು ವರ್ಷಕ್ಕೆ 787 ಗ್ರಾಂ ಕಬ್ಬಿಣವಾಯಿತು. ಫ್ಯಾರಡೆಯ ನಿಯಮದಂತೆ 1 ಆಂಪಿಯರ್ ಪ್ರವಾಹ ವರ್ಷವಿಡೀ ಹರಿದರೆ ಸುಮಾರು 9.1 ಕಿಲೋಗ್ರಾಂ ಕಬ್ಬಿಣ ಕರಗುವುದು. ಆದುದರಿಂದ 787 ಗ್ರಾಂ ಕರಗಿಸಲು 0.086 ಆಂಪಿಯರ್ ಸಾಕು. ಹಳೆಯ ಟಾರ್ಚಿನ ಪುಟ್ಟ ಬಲ್ಬು 0.3 ಆಂಪಿಯರ್ ಬೇಡುತ್ತಿತ್ತು. ಇದು ಅದರ ಮೂರರಲ್ಲೊಂದು ಪಾಲೂ ಅಲ್ಲ. ಸದ್ದಿಲ್ಲ, ಬಿಸಿಯಿಲ್ಲ, ಬೆಳಕಿಲ್ಲ. ಆದರೆ 7 ಮಿಲಿಮೀಟರು ದಪ್ಪದ ಅಂಚುಪಟ್ಟಿಯನ್ನು ಎರಡು ಮುಖಗಳಿಂದಲೂ ಹೀಗೆ ತಿನ್ನುತ್ತ ಹೋದರೆ ಹತ್ತು ವರ್ಷಗಳಲ್ಲಿ 2 ಮಿಲಿಮೀಟರು, ಎಂದರೆ ನೂರಕ್ಕೆ 28ಕ್ಕೂ ಹೆಚ್ಚು ಭಾಗ ಮಾಯವಾಗಿರುವುದು. ಹೊರೆಯಿಂದ ತೊಲೆ ಬಾಗುವಾಗ ಹೆಚ್ಚಿನ ಎಳೆತ ಒತ್ತಡಗಳೆಲ್ಲ ಬೀಳುವುದು ನಡುವಿನ ಹಲಗೆಯ ಮೇಲಲ್ಲ, ಈ ಅಂಚುಪಟ್ಟಿಗಳ ಮೇಲೆಯೇ. ಇಷ್ಟಾದರೂ ಎಲ್ಲೆಡೆ ಸಮನಾಗಿ ಸವೆದರೆ ಪುಣ್ಯ. ತುಕ್ಕು ಸಾಮಾನ್ಯವಾಗಿ ಗುಳಿಗುಳಿಯಾಗಿ ಕೊರೆಯುವುದು. ಪ್ರತಿಯೊಂದು ಗುಳಿಯ ತಳದಲ್ಲಿಯೂ ಒತ್ತಡ ಒಟ್ಟುಗೂಡಿ, ಗುಂಡಿಬಿದ್ದ ರಸ್ತೆಯ ಸಾವಿರ ಸಾವಿರ ಕುಲುಕಾಟಗಳಿಗೆ ಅಲ್ಲಿಂದ ಬಿರುಕು ಹೊರಡುವುದು.

ಇನ್ನು ಗಾಳಿಯ ತೇವದ ವಿಚಾರ. ಇಂಗ್ಲೆಂಡಿನ ಡಬ್ಲ್ಯು. ಎಚ್. ಜೆ. ವರ್ನನ್ ತಮ್ಮ ಪ್ರಯೋಗಗಳಿಂದ ಕಂಡುಕೊಂಡದ್ದು ಇದು: ಗಾಳಿಯ ಸಾಪೇಕ್ಷ ಆರ್ದ್ರತೆ ನೂರಕ್ಕೆ 60ರ ಒಳಗಿದ್ದಾಗ ತುಕ್ಕು ಹೆಚ್ಚುಕಡಿಮೆ ನಿದ್ರಿಸುತ್ತಿರುವುದು, ಆ ಗಡಿಯನ್ನು ದಾಟಿದೊಡನೆ, ಮುಖ್ಯವಾಗಿ ಗಾಳಿಯಲ್ಲಿ ಕಲ್ಮಷವಿದ್ದರೆ, ಅದು ಥಟ್ಟನೆ ಚುರುಕಾಗುವುದು. ಬಳ್ಳಾರಿಯ ಬೇಸಗೆಯ ಮಧ್ಯಾಹ್ನಗಳಲ್ಲಿ ಆರ್ದ್ರತೆ ನೂರಕ್ಕೆ 30ರವರೆಗೂ ಇಳಿಯುವುದುಂಟು. ಮಂಗಳೂರಿನಲ್ಲಿ ಜುಲೈ ತಿಂಗಳಿಡೀ ಅದು 85ರ ಆಸುಪಾಸಿನಲ್ಲಿಯೋ ಮೇಲೆಯೋ ಇರುವುದು. ಉಪ್ಪು ಸೇರಿದರೆ ಗಡಿ ಮತ್ತಷ್ಟು ಕೆಳಗಿಳಿಯುವುದು. ಮಳೆಗಾಲದಲ್ಲಿ ಅಡಿಗೆಮನೆಯ ಮರಿಗೆಯಲ್ಲಿ ಉಪ್ಪು ನೀರೊಡೆಯುವುದನ್ನು ಯಾರು ಕಂಡಿಲ್ಲ? ಶುದ್ಧವಾದ ಉಪ್ಪು ನೂರಕ್ಕೆ 75ರಷ್ಟು ಆರ್ದ್ರತೆಯಲ್ಲಿ ಗಾಳಿಯ ತೇವವನ್ನು ಹೀರಿ ತಾನೇ ಕರಗುವುದು. ಸಮುದ್ರದ ಉಪ್ಪಿನಲ್ಲಿ ಬೆರೆತಿರುವ ಮೆಗ್ನೀಸಿಯಂ ಕ್ಲೋರೈಡು ಸುಮಾರು 33ರಲ್ಲಿಯೇ ಕರಗುವುದು. ಮರವಂತೆಯಲ್ಲಿ 66ನೆಯ ರಾಷ್ಟ್ರೀಯ ಹೆದ್ದಾರಿಯ ಒಂದು ಮಗ್ಗುಲಿಗೆ ಅರಬ್ಬೀ ಸಮುದ್ರ, ಇನ್ನೊಂದಕ್ಕೆ ಸೌಪರ್ಣಿಕಾ ನದಿ. ಅಲ್ಲಿ ಓಡಾಡುವ ವಾಹನದ ಅಡಿಯಲ್ಲಿ ಕೂತ ಉಪ್ಪಿನ ಸೂಕ್ಷ್ಮ ಕಣಗಳು ಮಳೆಯಿಲ್ಲದ ಜನವರಿಯಲ್ಲಿಯೂ ಚಾಸಿಯನ್ನು ಒದ್ದೆಯಾಗಿಯೇ ಇಡಬಲ್ಲವು. ಮಂಜುಗಡ್ಡೆ ಕರಗಿದ ಉಪ್ಪುನೀರನ್ನು ದಾರಿಯುದ್ದಕ್ಕೂ ಸುರಿಸುತ್ತ ಹೋಗುವ ಮೀನಿನ ಲಾರಿಯ ವಿಷಯವನ್ನಂತೂ ಹೇಳುವುದೇ ಬೇಡ.

ಮಳೆ ಬೀಳದೆಯೂ ಚಾಸಿ ನೆನೆಯುವ ಇನ್ನೊಂದು ದಾರಿಯಿದೆ. 27 ಡಿಗ್ರಿ ಉಷ್ಣತೆಯ, ನೂರಕ್ಕೆ 90ರಷ್ಟು ಆರ್ದ್ರತೆಯ ಗಾಳಿಯಲ್ಲಿ ಇಬ್ಬನಿ ಕಟ್ಟುವ ಉಷ್ಣತೆ ಸುಮಾರು 25 ಡಿಗ್ರಿ. ಎಂದರೆ, ಗಾಳಿಗಿಂತ ಎರಡೇ ಡಿಗ್ರಿ ತಂಪಾಗಿರುವ ಯಾವ ಲೋಹವೂ ಅಲ್ಲಿ ಬೆವರುವುದು. ಸಕಲೇಶಪುರದಲ್ಲಿ ರಾತ್ರಿ ತಂಗಿದ ಲಾರಿಯೊಂದು ಬೆಳಗ್ಗೆ ಶಿರಾಡಿ ಘಟ್ಟವನ್ನು ಇಳಿಯುವುದೆನ್ನೋಣ. ಮೇಲೆ 21 ಡಿಗ್ರಿಗೆ ತಣಿದ ಉಕ್ಕು ಕೆಳಗಿನ ಬೆಚ್ಚನೆಯ ಗಾಳಿಗೆ ಒಗ್ಗಲು ಹೊತ್ತು ಬೇಕು. ಅಷ್ಟು ಹೊತ್ತೂ ಹೊರಮೈಯಲ್ಲಿ ಮಾತ್ರವಲ್ಲ, ಮಳೆಹನಿ ಎಂದೂ ತಲುಪದ ಒಳಮೂಲೆಗಳಲ್ಲಿಯೂ ನೀರಿನ ಪೊರೆ ಕಟ್ಟುವುದು.

ನಾಡಿನ ಯಾವ ಭಾಗದಲ್ಲಿ ಲೋಹ ಎಷ್ಟು ಬೇಗ ಸವೆಯುವುದೆಂಬ ಪ್ರಶ್ನೆ ಲಾರಿಗಷ್ಟೇ ಸೇರಿದ್ದಲ್ಲ. ತಮಿಳುನಾಡಿನ ಕಾರೈಕುಡಿಯಲ್ಲಿ 1953ರಲ್ಲಿ ಆರಂಭವಾದ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾಲಯವು ಹಲವು ಊರುಗಳಲ್ಲಿ ಲೋಹದ ತುಂಡುಗಳನ್ನು ಬಯಲಿಗಿಟ್ಟು, ತೂಕದ ನಷ್ಟವನ್ನು ಅಳೆದು, ಭಾರತದ ಸಂಕ್ಷಾರಣ ನಕ್ಷೆಯನ್ನು ಸಿದ್ಧಪಡಿಸಿದೆ. ಕಡಲಂಚಿಗೂ ಒಳನಾಡಿಗೂ ಇರುವ ಅಂತರ ಅದರಲ್ಲಿ ಎದ್ದು ಕಾಣುವುದು. ಸೇತುವೆ ಕಟ್ಟುವವರು ಇಂಥ ನಕ್ಷೆಗಳನ್ನು ನೋಡುವರು. ಲಾರಿ ಕೊಳ್ಳುವವರು ನೋಡುವ ವಾಡಿಕೆಯಿಲ್ಲ.

ಹಾಗಾದರೆ ಹೊಸ ಲಾರಿ ಕೊಂಡವರು ಏನು ಮಾಡಬೇಕು? ಮೊದಲನೆಯದಾಗಿ, ಕಾಲ. ನಮ್ಮಲ್ಲಿ ಅನೇಕರು ಇಂದಿಗೂ ಚಾಸಿಯನ್ನು ಮಾತ್ರ ಕೊಂಡು, ಬಾಡಿಯನ್ನು ಊರಿನ ಶೆಡ್ಡಿನಲ್ಲಿ ಕಟ್ಟಿಸುತ್ತಾರೆ. ಬಾಡಿ ಕೂರುವ ಮೊದಲಿನ ಆ ಕೆಲವು ದಿನಗಳು ಮತ್ತೆ ಬರುವಂಥವಲ್ಲ. ಚಾಸಿಯ ಮೇಲ್ಮುಖಕ್ಕೆ ಕೈಯೂ ಬ್ರಷ್ಷೂ ತಲುಪುವುದು ಆಗ ಮಾತ್ರ. ಕೊಳ್ಳುವುದು ಫೆಬ್ರವರಿಯಿಂದ ಮೇ ತಿಂಗಳೊಳಗೆ ಆದರೆ ಇನ್ನೂ ಮೇಲು, ಏಕೆಂದರೆ ಉಕ್ಕು ಪೂರ್ತಿ ಒಣಗಿರುವ ದಿನಗಳು ಕರಾವಳಿಯಲ್ಲಿ ಅವೇ.

ಕಾರ್ಖಾನೆಯ ಬಣ್ಣವನ್ನು ಹಗುರವಾಗಿ ಕಾಣಬೇಕಾಗಿಲ್ಲ. ಈಗ ಹಲವೆಡೆ ಬಿಡಿಭಾಗಗಳನ್ನು ಬಣ್ಣದ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ತು ಹಾಯಿಸುವರು. ಧನ ವಿದ್ಯುದಂಶ ಹೊತ್ತ ಬಣ್ಣದ ಕಣಗಳು ಋಣಧ್ರುವವಾದ ಉಕ್ಕಿನ ಕಡೆಗೆ ತಾವೇ ಸಾಗಿ ಮೂಲೆಮೂಲೆಯಲ್ಲಿ ಅಂಟುವುವು. ಪಂಪಿನಿಂದ ಎರಚಿದ ಬಣ್ಣಕ್ಕೆ ಈ ಜಾಣತನವಿಲ್ಲ. ಆದರೆ ಎಂಥ ಉತ್ತಮ ಲೇಪವೇ ಆಗಲಿ, ಬಾಡಿ ಕಟ್ಟುವವನ ಡ್ರಿಲ್ಲು ಒಂದು ತೂತು ಕೊರೆದ ಕ್ಷಣದಲ್ಲಿ ಅಲ್ಲಿಗೆ ಅದರ ಕಥೆ ಮುಗಿಯಿತು. ಅಂಚುಪಟ್ಟಿಗಳಲ್ಲಿ ತೂತು ಕೊರೆಯಬಾರದು, ಅಲ್ಲಿ ವೆಲ್ಡಿಂಗು ಮಾಡಬಾರದು ಎಂದು ತಯಾರಕರ ಕೈಪಿಡಿಗಳು ಸಾಮಾನ್ಯವಾಗಿ ಎಚ್ಚರಿಸುವುವು. ಅದು ಬಲದ ದೃಷ್ಟಿಯಿಂದ ಹೇಳಿದ ಮಾತಾದರೂ ತುಕ್ಕಿನ ದೃಷ್ಟಿಯಿಂದಲೂ ಅಷ್ಟೇ ಸರಿ. ಬೇರೆಡೆ ಕೊರೆದ ಪ್ರತಿಯೊಂದು ತೂತಿನ ಒಳಗೋಡೆಗೂ, ವೆಲ್ಡಿಂಗಿನ ಶಾಖಕ್ಕೆ ಬಣ್ಣ ಸುಟ್ಟ ಪ್ರತಿಯೊಂದು ಹಿಮ್ಮೈಗೂ ಅಂದಿನ ದಿನವೇ ಪ್ರೈಮರು ಬೀಳಬೇಕು. ಚೂಪಾದ ಅಂಚುಗಳ ವಿಷಯದಲ್ಲಿ ಇನ್ನೊಂದು ಮಾತು. ಹಸಿ ಬಣ್ಣವು ಮೇಲ್ಮೈ ಎಳೆತದಿಂದ ಅಂಚನ್ನು ಬಿಟ್ಟು ಎರಡು ಕಡೆಗೂ ಸರಿಯುವುದು. ಹಲಗೆಯ ಮೇಲೆ ದಪ್ಪವಾಗಿರುವ ಬಣ್ಣ ಅಂಚಿನ ಮೇಲೆ ಹೆಸರಿಗಷ್ಟೇ ಉಳಿದಿರುವುದು. ತುಕ್ಕು ಅಂಚಿನಿಂದ ಆರಂಭವಾಗುವುದರ ಗುಟ್ಟು ಇದೇ. ಅರದಿಂದ ಅಂಚನ್ನು ತುಸು ದುಂಡಗೆ ಮಾಡಿ, ಅಂಚಿಗೆ ಮಾತ್ರ ಬ್ರಷ್ಷಿನಿಂದ ಒಂದು ಕೈ ಹೆಚ್ಚಾಗಿ ಬಳಿದರೆ ಖರ್ಚು ಅಲ್ಪ, ಪ್ರಯೋಜನ ಅಪಾರ.

ಯಾವ ಪ್ರೈಮರು? ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ರೆಡ್ ಆಕ್ಸೈಡು. ತಮಾಷೆಯೆಂದರೆ ಅದರ ಕೆಂಪೂ ಕಬ್ಬಿಣದ ಆಕ್ಸೈಡೇ. ನಮ್ಮ ಕರಾವಳಿಯ ಮುರಕಲ್ಲಿನ ಕೆಂಪೂ ಅದೇ ಕುಲದ್ದು. ರೆಡ್ ಆಕ್ಸೈಡು ನೀರಿಗೆ ಅಡ್ಡ ನಿಲ್ಲುವುದೇ ಹೊರತು, ಗೀರು ಬಿದ್ದ ಕಡೆಯಲ್ಲಿ ಉಕ್ಕನ್ನು ಕಾಯುವ ಶಕ್ತಿ ಅದಕ್ಕಿಲ್ಲ. ಆ ಶಕ್ತಿ ಇರುವುದು ಸತುವಿಗೆ. ಧಾತುಗಳ ವಿದ್ಯುದ್ವಿಭವಗಳ ಸಾಲಿನಲ್ಲಿ ಸತುವಿನದು −0.76 ವೋಲ್ಟು, ಕಬ್ಬಿಣದ್ದು −0.44, ತವರದ್ದು −0.14. ಎರಡು ಲೋಹಗಳು ಒದ್ದೆಯಲ್ಲಿ ಜೊತೆಗೂಡಿದರೆ ಹೆಚ್ಚು ಋಣವಾದುದು ತಾನು ಕರಗಿ ಮತ್ತೊಂದನ್ನು ಉಳಿಸುವುದು. ತವರ ಬಳಿದ ಬಿಸ್ಕತ್ತಿನ ಡಬ್ಬಕ್ಕೆ ಗೀರು ಬಿದ್ದರೆ ಅಲ್ಲಿ ಕಬ್ಬಿಣ ಇನ್ನಷ್ಟು ಬೇಗ ತುಕ್ಕಾಗುವುದು; ಸತು ಬಳಿದ ಬಕೆಟ್ಟಿಗೆ ಗೀರು ಬಿದ್ದರೂ ಬಹುಕಾಲ ಬಾಳುವುದು. ಹಂಫ್ರಿ ಡೇವಿ 1824ರಲ್ಲಿಯೇ ಈ ತತ್ತ್ವವನ್ನು ಹಿಡಿದು, ಬ್ರಿಟಿಷ್ ಯುದ್ಧನೌಕೆಗಳ ತಳದ ತಾಮ್ರದ ಹೊದಿಕೆಗೆ ಕಬ್ಬಿಣ, ಸತುಗಳ ತುಂಡುಗಳನ್ನು ತಗುಲಿಸಿ ಅದು ಸವೆಯದಂತೆ ಮಾಡಿದನು. ತಾಮ್ರವೇನೋ ಉಳಿಯಿತು. ಆದರೆ ಕರಗಿದ ತಾಮ್ರದ ವಿಷವಿಲ್ಲದೆ ಹಡಗಿನ ತಳಕ್ಕೆ ಚಿಪ್ಪುಜೀವಿಗಳು ಮುತ್ತಿಕೊಂಡು ವೇಗ ಕುಗ್ಗಿತೆಂಬುದು ಬೇರೆ ಮಾತು!

ಸತುವಿನ ಪುಡಿ ತುಂಬಿದ ಪ್ರೈಮರುಗಳು ಈಗ ಸಿಗುತ್ತವೆ. ಒಣಗಿದ ಪೊರೆಯ ತೂಕದಲ್ಲಿ ನೂರಕ್ಕೆ 80ರಷ್ಟಾದರೂ ಸತುವಿದ್ದರೆ ಮಾತ್ರ ಅದರ ಕಣಗಳು ಒಂದಕ್ಕೊಂದು ತಗುಲಿ, ಎಲೆಕ್ಟ್ರಾನುಗಳಿಗೆ ಉಕ್ಕಿನವರೆಗೂ ದಾರಿಯಾಗುವುದು. ಇದೇ ಕಾರಣದಿಂದ ಇದನ್ನು ಹಳೆಯ ಬಣ್ಣದ ಮೇಲಾಗಲಿ ತುಕ್ಕಿನ ಮೇಲಾಗಲಿ ಬಳಿದರೆ ಹಣ ವ್ಯರ್ಥ. ನಡುವೆ ವಿದ್ಯುತ್ತಿನ ದಾರಿಯೇ ಕಡಿದುಹೋಗಿರುತ್ತದೆ. ತೂತು, ವೆಲ್ಡಿಂಗು, ಗೀರು ಇರುವ ಕಡೆ ಬೆಳ್ಳಗೆ ಹೊಳೆಯುವವರೆಗೆ ಉಜ್ಜಿ ಅಲ್ಲಿಗೆ ಸತುವಿನ ಪ್ರೈಮರು, ಅದರ ಮೇಲೆ ಬಣ್ಣ: ಇದು ಸರಿಯಾದ ಕ್ರಮ. ಉಪ್ಪು ಕೂತ ಉಕ್ಕಿನ ಮೇಲಂತೂ ಯಾವ ಬಣ್ಣವೂ ಬಾಳದು. ಒಣದ್ರಾಕ್ಷಿ ನೀರಿನಲ್ಲಿ ಉಬ್ಬುವಂತೆ, ಪೊರೆಯಡಿಯ ಉಪ್ಪು ಅಭಿಸರಣದಿಂದ ಹೊರಗಿನ ನೀರನ್ನು ಒಳಗೆ ಸೆಳೆದು ಬಣ್ಣವನ್ನು ಗುಳ್ಳೆಯೆಬ್ಬಿಸುವುದು. ಆದುದರಿಂದ ಬಣ್ಣಕ್ಕೆ ಮೊದಲು ಸಿಹಿನೀರಿನ ಸ್ನಾನ, ಅನಂತರ ಬಿಸಿಲು.

ಹಡಗಿಗೆ ಸತುವಿನ ಗಟ್ಟಿ ಕಟ್ಟುವರಲ್ಲ, ಚಾಸಿಗೂ ಒಂದು ಗಟ್ಟಿ ಬಿಗಿದರೆ ಸಾಲದೆ ಎಂದು ವಾಚಕರು ಕೇಳಬಹುದು. ಸಾಲದು. ಹಡಗು ಸಮುದ್ರದಲ್ಲಿ ಮುಳುಗಿದೆ. ಗಟ್ಟಿಯಿಂದ ಹಡಗಿನ ಮೂಲೆಮೂಲೆಗೂ ಉಪ್ಪುನೀರಿನ ಅಖಂಡ ದಾರಿಯುಂಟು. ಲಾರಿಯ ಮೇಲಿನ ನೀರಾದರೋ ತೆಳ್ಳನೆಯ ಪೊರೆ, ಅಲ್ಲಲ್ಲಿ ಹರಿದ ಪೊರೆ. ಗಟ್ಟಿಯ ಸುತ್ತಲಿನ ಸ್ವಲ್ಪ ಜಾಗವನ್ನು ಬಿಟ್ಟರೆ ಆಚೆಗೆ ಮಂಡಲ ಪೂರ್ಣವಾಗುವುದಿಲ್ಲ. ಬ್ಯಾಟರಿಗೆ ಸೇರಿಸುವ ಪುಟ್ಟ ಪೆಟ್ಟಿಗೆಯೊಂದು ಇಡೀ ವಾಹನವನ್ನು ತುಕ್ಕಿನಿಂದ ಕಾಯುವುದೆಂದು ಮಾರುವವರ ಮಾತಿಗೂ ಇದೇ ಉತ್ತರ. ನೀರಿನ ಮೂಲಕ ಹಿಂದಿರುಗುವ ದಾರಿಯನ್ನು ಅವರು ತೋರಿಸಿಕೊಡುವವರೆಗೆ ಹಣವನ್ನು ಜೇಬಿನಲ್ಲಿಯೇ ಇಟ್ಟುಕೊಳ್ಳುವುದು ಲೇಸು.

ಬ್ರಷ್ಷು ತಲುಪದ ಸಂದಿಗಳಿಗೆ ಬಣ್ಣದಿಂದ ಉಪಯೋಗವಿಲ್ಲ. ಅಲ್ಲಿಗೆ ಹೋಗಬಲ್ಲದ್ದು ಎಣ್ಣೆ ಮಾತ್ರ. ನೀರನ್ನು ಒಳಗೆಳೆದ ಕೇಶಾಕರ್ಷಣವೇ ತೆಳುವಾದ ಎಣ್ಣೆಯನ್ನೂ ಒಳಗೆಳೆಯುವುದು. ಮೇಣ ಬೆರೆತ ತೆಳು ಎಣ್ಣೆಗಳನ್ನು ಇದಕ್ಕಾಗಿಯೇ ತಯಾರಿಸುವರು. ಕುರಿಯ ಉಣ್ಣೆಯ ಜಿಡ್ಡಿನಿಂದ ಮಾಡಿದವೂ ಉಂಟು. ಒಣಹವೆಯಲ್ಲಿ ಇದನ್ನು ಸಂದಿಗಳಿಗೆ ಊಡಿಸಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ಹಾಕಬೇಕು. ಗ್ಯಾರೇಜುಗಳಲ್ಲಿ ಇದರ ಬದಲು ಎಂಜಿನಿನಿಂದ ಇಳಿಸಿದ ಹಳೆ ಆಯಿಲು ಬಳಿಯುವ ರೂಢಿ ಬಹಳವಾಗಿದೆ. ಪುಕ್ಕಟೆಯಾಗಿ ಸಿಗುವುದೊಂದೇ ಅದರ ಗುಣ. ಎಂಜಿನಿನಲ್ಲಿ ಬೆಂದ ಆ ಎಣ್ಣೆಯಲ್ಲಿ ಆಮ್ಲಗಳೂ ನೀರೂ ಸೇರಿರುವುವು. ಮೊದಲ ಮಳೆಗೆ ಅದರ ಬಹುಭಾಗ ರಸ್ತೆಗೂ ಗದ್ದೆಯ ನೀರಿಗೂ ಇಳಿಯುವುದು. ಉಳಿದದ್ದು ರಬ್ಬರಿನ ಬುಷ್ಷುಗಳನ್ನು ಉಬ್ಬಿಸುವುದು. ನಮಗೆ ಅದು ಒಪ್ಪಿಗೆಯಲ್ಲ. ಶುದ್ಧವಾದ ಎಣ್ಣೆಯನ್ನು ಹಾಕುವಾಗಲೂ ಬ್ರೇಕಿನ ಭಾಗಗಳು, ರಬ್ಬರು ಪೈಪುಗಳು, ಹೊಗೆಕೊಳವೆ ಇವನ್ನು ಮುಚ್ಚಿ ಕಾಪಾಡಬೇಕು.

ದಪ್ಪನೆಯ ಡಾಮರಿನಂಥ ಕಪ್ಪು ಲೇಪಗಳ ಬಗ್ಗೆ ಜನರಿಗೆ ವಿಶೇಷ ನಂಬಿಕೆ. ಒಣಗಿದ, ಶುಚಿಯಾದ ಹೊಸ ಉಕ್ಕಿನ ಮೇಲೆ ಅವು ಕಲ್ಲಿನ ಹೊಡೆತವನ್ನು ತಡೆಯುವುದು ನಿಜ. ಆದರೆ ತೇವ, ಉಪ್ಪು, ತುಕ್ಕು ಇದ್ದ ಕಡೆ ಬಳಿದರೆ ಅವು ರಕ್ಷೆಯಲ್ಲ, ಶತ್ರುವನ್ನು ಒಳಗಿಟ್ಟು ಹಾಕಿದ ಬೀಗ. ವರ್ಷಗಳು ಕಳೆದಂತೆ ಲೇಪ ಗಡುಸಾಗಿ ಸೀಳುವುದು. ಸೀಳಿನಿಂದ ನೀರು ಒಳಹೊಕ್ಕು ಹಿಂದೆ ಹರಡುವುದು. ಆಮ್ಲಜನಕದ ಬರವಿರುವ ವಿಸ್ತಾರವಾದ ಸಂದಿಯೊಂದನ್ನು ನಾವೇ ಕೈಯಾರ ಕಟ್ಟಿಕೊಟ್ಟಂತಾಗುವುದು. ಹೊರಗಿನಿಂದ ಕಪ್ಪಾಗಿ ಹೊಳೆಯುವ ಚಾಸಿಯೊಳಗೆ ಚಾಕು ಇಳಿದುಹೋಗುವ ಸ್ಥಿತಿ ಹೀಗೆಯೇ ಬರುವುದು.

ಬಾಡಿಯ ಉದ್ದ ತೊಲೆಗಳು ಮರದವಾಗಿದ್ದರೆ ಅವು ಅಂಚುಪಟ್ಟಿಯ ಮೇಲೆ ಒದ್ದೆ ಬಟ್ಟೆ ಹೊದಿಸಿದಂತೆ ಕೂರುವುವು. ಹಸಿಮರದಿಂದ ಹೊರಡುವ ಆವಿಯಲ್ಲಿ ಆಮ್ಲದ ಅಂಶವೂ ಉಂಟು. ಚೆನ್ನಾಗಿ ಒಣಗಿದ ಮರವನ್ನೇ ಆರಿಸಿ, ಅದರ ಅಡಿಮೈಗೂ ನೀರನ್ನು ಹೆಚ್ಚು ಕುಡಿಯುವ ತುದಿಗಳಿಗೂ ಬಣ್ಣ ಕುಡಿಸಿ, ಅಂಚುಪಟ್ಟಿಯ ಮೇಲೆ ಮೇಣವನ್ನೋ ಗ್ರೀಸನ್ನೋ ದಪ್ಪವಾಗಿ ಸವರಿದ ಮೇಲೆಯೇ ತೊಲೆಯನ್ನು ಇಳಿಸಬೇಕು. ಮೀನು ಸಾಗಿಸುವ ಲಾರಿಯಾದರೆ ಬಾಡಿಯ ನೀರನ್ನು ಕೊಳವೆಯಿಂದ ತೊಟ್ಟಿಗೆ ಇಳಿಸುವುದು ಅಗತ್ಯ. ಹಿಂದೆ ಬರುವ ದ್ವಿಚಕ್ರದ ಸವಾರರೂ ಹರಸುವರು.

ಲಾರಿ ಓಡಲಾರಂಭಿಸಿದ ಮೇಲಿನ ಕೆಲಸ ಎರಡೇ: ತೊಳೆಯುವುದು, ತಟ್ಟುವುದು. ಮಳೆ ತಲುಪುವ ಭಾಗಗಳನ್ನು ಮಳೆಯೇ ತೊಳೆಯುವುದು; ಉಪ್ಪು ಕೂಡಿಕೊಳ್ಳುವುದು ಮರೆಯಲ್ಲಿರುವ ಭಾಗಗಳಲ್ಲಿ. ಆದುದರಿಂದ ನೀರಿನ ಪೈಪನ್ನು ಕ್ಯಾಬಿನ್ನಿನ ಹೊಳಪಿಗಿಂತ ಹೆಚ್ಚಾಗಿ ಚಾಸಿಯ ದೋಣಿಯ ಒಳಮೈಗೆ, ಸ್ಪ್ರಿಂಗು ಪಟ್ಟಿಗಳ ಕೊಂಡಿಗಳ ಹಿಂಬದಿಗೆ, ಅಡ್ಡತೊಲೆಗಳ ಮೇಲೆ ಕೂತ ಕೆಸರಿಗೆ ತಿರುಗಿಸಬೇಕು. ಕೆಸರು ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಹಸಿಯಾಗಿರುವುದು. ನೀರು ಬಸಿಯಲೆಂದು ಬಿಟ್ಟ ತೂತುಗಳನ್ನು ತಂತಿಯಿಂದ ಚುಚ್ಚಿ ತೆರೆದಿಡಬೇಕು. ತೊಳೆದ ಲಾರಿಯನ್ನು ಮುಚ್ಚಿದ ಶೆಡ್ಡಿಗೆ ನೂಕದೆ ಒಂದಿಷ್ಟು ದೂರ ಓಡಿಸಿ ಒಣಗಿಸುವುದು ಒಳ್ಳೆಯದು.

ತಟ್ಟುವುದಕ್ಕೆ ಪುಟ್ಟ ಸುತ್ತಿಗೆಯೊಂದು ಸಾಕು. ಗಟ್ಟಿ ಉಕ್ಕಿಗೆ ತಟ್ಟಿದರೆ ಕಂಪನ ಬಹಳ ಹೊತ್ತು ನಿಂತು ಸದ್ದು ಗಂಟೆಯಂತೆ ಕೇಳುವುದು. ಪದರುಗಳ ನಡುವೆ ತುಕ್ಕು ತುಂಬಿದ ಕಡೆ ಕಂಪನವನ್ನು ಆ ಪುಡಿ ಹೀರಿಕೊಂಡು ಸದ್ದು ಬದ್ದಾಗಿ ಬೀಳುವುದು. ಮೇ ತಿಂಗಳಲ್ಲಿ ಒಮ್ಮೆ, ಮಳೆ ನಿಂತ ಮೇಲೆ ಅಕ್ಟೋಬರಿನಲ್ಲಿ ಒಮ್ಮೆ, ಹಿಂದಿನ ಆಕ್ಸಲ್ಲಿನ ಮೇಲ್ಭಾಗದಿಂದ ಆರಂಭಿಸಿ, ಎರಡು ದೋಣಿಗಳು ಜೋಡಿಯಾಗಿರುವ ಉದ್ದಕ್ಕೂ ಒಂದೊಂದು ಗೇಣಿಗೆ ಒಂದೊಂದು ಪೆಟ್ಟಿನಂತೆ ತಟ್ಟುತ್ತ ಹೋಗಬೇಕು. ಸದ್ದು ಬದಲಾದ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ, ಅಲ್ಲಿಯ ಬಣ್ಣವನ್ನು ತಂತಿಯ ಬ್ರಷ್ಷಿನಿಂದ ಬರಿಮೈ ಕಾಣುವವರೆಗೆ ತೆಗೆದು ನೋಡಬೇಕು.